ಅಂಚೆಮೇಕೆಯ ನಗು

ಫೋನ್ ಬಂದಾಗ ಮೇಕೆಯಮ್ಮ ಸ್ಟೂಲಿನ ಮೇಲೆ ನಿಂತು ಕಿಟಕಿಗೆ ಪರದೆ ಸಿಕ್ಕಿಸುತ್ತಿದ್ದರು. ಅರವತ್ತೈದು ದಾಟಿದ ಮೇಲೆ ಸ್ಟೂಲು ಹತ್ತಬೇಡ ಅಂತ ಗಂಡ ನೂರು ಸಲ ಹೇಳಿದ್ದರು, ನೂರೊಂದನೇ ಸಲ ಹೇಳಲು ಬಾಯಿ ತೆರೆದೂ ಇದ್ದರು. ಅಷ್ಟರಲ್ಲಿ ಫೋನಿನ ಆ ಕಡೆಯಿಂದ ಯಾರೋ ಗಂಡಸು ಮೂಗಿನಲ್ಲಿ, "ಟಪಾಲ್! ನಿಮ್ಮ ಕಾಗದ ಬಹಳ ರುಚಿಯಾಗಿತ್ತು!" ಅಂತ ಕೂಗಿದ. ಮೇಕೆಯಮ್ಮ ಸ್ಟೂಲಿನಿಂದ ಬೀಳಲಿಲ್ಲವಲ್ಲ, ಅದೇ ಪುಣ್ಯ.

ಕೂಗಿದವನು ಡಬ್ಬಿಂಗ್ ನಿರ್ದೇಶಕ. ನಲವತ್ತರ ಮನುಷ್ಯ. ಕೂಗಿಯಾದ ಮೇಲೆ ಅವನಿಗೇ ನಾಚಿಕೆಯಾಗಿರಬೇಕು, ಗಂಟಲು ಸರಿಮಾಡಿಕೊಂಡ. "ಕ್ಷಮಿಸಿ ಅಮ್ಮ, ತಡೆಯೋಕಾಗ್ಲಿಲ್ಲ. ಅಂಚೆಮೇಕೆ ಸಿನಿಮಾದ ಎರಡನೇ ಭಾಗ ಬರ್ತಾ ಇದೆ. ಈ ಸಲ ಮೇಕೆಗೆ ನಿಮ್ಮ ದನಿಯೇ ಬೇಕು ಅಂತ ಹಟ ಹಿಡಿದು ಕೂತಿದ್ದೀನಿ. ಸೋಮವಾರ ಬಂದು ಒಂದು ನಾಲ್ಕು ಮಾತಾಡಿ, ಒಂದು ಸಲ ನಕ್ಕು ಹೋಗ್ತೀರಾ?"

"ಬರದೇ ಇರ್ತೀನಾ!" ಅಂದರು ಮೇಕೆಯಮ್ಮ. ಫೋನ್ ಇಟ್ಟಾಗ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು, ಸ್ಟೂಲಿನ ಮೇಲೆ ನಿಂತಿದ್ದರಿಂದ ಅದಕ್ಕೂ ಸ್ವಲ್ಪ ಕಡಿಮೆ.

ಗಂಡ ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆ ಬಗೆದಿದ್ದರು. ತಲೆ ಎತ್ತದೆ ಕೇಳಿದರು. "ಮಾತೇನೋ ನೀನಾಡ್ತೀಯ. ನಗೋದ್ಯಾರು?"

"ನಿಮಗ್ಯಾಕೆ ಆ ಉಸಾಬರಿ? ಗಡಿಯಾರ ನೋಡ್ಕೊಳ್ಳಿ!" ಅಂತ ಮೇಕೆಯಮ್ಮ ರೇಗಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ಇದು. ಪಾಪದ ಮನುಷ್ಯ ಏನೂ ಹೊಸದನ್ನು ಕೇಳಿರಲಿಲ್ಲ.

ಇನ್ನು ಮೇಕೆಯ ವಿಷಯಕ್ಕೆ ಬರೋಣ, ಅದು ಗೊತ್ತಿಲ್ಲದಿದ್ದರೆ ಈ ಕೋಪ ಅರ್ಥವಾಗುವುದಿಲ್ಲ. ಮೂವತ್ತಮೂರು ವರ್ಷದ ಕೆಳಗೆ ದಿನಾ ಸಂಜೆ ಐದಕ್ಕೆ ಟೀವಿಯಲ್ಲಿ ಒಂದು ಕಾರ್ಟೂನು ಬರುತ್ತಿತ್ತು. ಎಲ್ಲೋ ದೂರದಲ್ಲಿ ತಯಾರಾಗಿ, ನಮ್ಮ ಮಾತು ಕಲಿತು ಬಂದ ಕಾರ್ಟೂನು. ಟೋಪಿ ಹಾಕಿಕೊಂಡು ಚೀಲ ನೇತುಹಾಕಿಕೊಂಡ ಒಂದು ಮೇಕೆ ಅದರ ಅಂಚೆಯವನು. ಮೇಕೆ ಎಷ್ಟಾದರೂ ಮೇಕೆಯೇ, ದಾರಿಯಲ್ಲಿ ಹಸಿವಾಗಿ ಕಾಗದವನ್ನೆಲ್ಲ ತಿಂದುಬಿಡುತ್ತಿತ್ತು. ಆಮೇಲೆ ಮನೆ ಬಾಗಿಲಲ್ಲಿ ನಿಂತು, ಕಾಗದದಲ್ಲಿ ಏನಿತ್ತು ಅಂತ ತನಗೆ ತೋಚಿದ್ದನ್ನು ಹೇಳುತ್ತಿತ್ತು. ಮದುವೆ ಬೇಡ ಅಂದವನಿಗೆ ಹೆಣ್ಣು ಒಪ್ಪಿದ್ದಾಳೆ ಅನ್ನುತ್ತಿತ್ತು, ಜಿಪುಣನಿಗೆ ಹತ್ತು ಜನ ನೆಂಟರು ಹೊರಟಿದ್ದಾರೆ ಅನ್ನುತ್ತಿತ್ತು. ಹೇಳಿ, ತಿರುಗಿ ನಮ್ಮ ಕಡೆ ನೋಡಿ ನಗುತ್ತಿತ್ತು. "ಈಂಯ್!" ಅಂತ ಒಂದು ಚೀರು, ಅದರ ಹಿಂದೆಯೇ "ಹೆಹೆಹೆಹೆ" ಅಂತ ಇಳಿಜಾರಿನಲ್ಲಿ ಉರುಳಿದ ಹಾಗೆ ನಗು. ಆ ಕಾಲದ ಯಾವ ಶಾಲೆಯ ಅಂಗಳಕ್ಕೆ ಹೋದರೂ ನೂರಾರು ಮಕ್ಕಳು "ಈಂಯ್" ಅನ್ನುತ್ತಿದ್ದವು. ಮೇಷ್ಟರುಗಳು ಬೆತ್ತ ಹಿಡಿದು ಓಡಾಡಿದರೂ ನಿಲ್ಲಲಿಲ್ಲ.

ಮೇಕೆಯ ಮಾತು ಮೇಕೆಯಮ್ಮನದು. ನಗು ಅವರದಲ್ಲ, ಅವರ ಗಂಡನ ತಂಗಿಯದು. ಮೊದಲನೇ ಕಂತಿನ ದಿನ ಮೇಕೆಯಮ್ಮ ಮಾತಾಡಿ ಎಲ್ಲರ ಕೈಲಿ ಶಹಬ್ಬಾಸ್ ಅನ್ನಿಸಿಕೊಂಡರು, ನಗುವ ಜಾಗ ಬಂದಾಗ ಮಾತ್ರ ಕೆಮ್ಮು ಹತ್ತಿದ ಹಾಗೆ ಕೊಕ್ಕರಿಸಿದರು. ಆಗಿನ ನಿರ್ದೇಶಕರು ತಲೆ ಚಚ್ಚಿಕೊಂಡರು. ಆ ಹೊತ್ತಿಗೆ ಸರಿಯಾಗಿ ಹೊರಗಿನ ಓಣಿಯಿಂದ ಒಂದು ನಗು ಕೇಳಿಸಿತು. ಮೇಕೆಯಮ್ಮನ ಎಳೆಗೂಸನ್ನು ನೋಡಿಕೊಳ್ಳಲು ಬಂದಿದ್ದ ಹತ್ತೊಂಬತ್ತರ ನಾದಿನಿ ಕೂಸಿನ ಜೊತೆ ಆಡುತ್ತ ನಗುತ್ತಿದ್ದಳು. "ಯಾರದು ಆ ನಗು? ಒಳಗೆ ಎಳ್ಕೊಂಡು ಬನ್ನಿ!" ಅಂದರು ನಿರ್ದೇಶಕರು. ಕೂಸು ಸೌಂಡ್ ಎಂಜಿನಿಯರ್ ತೊಡೆಗೆ ಹೋಯಿತು, ನಾದಿನಿ ಮೈಕಿನ ಮುಂದೆ ಬಂದಳು. ಹಾಗೆ ನೂರಾನಾಲ್ಕು ಕಂತು. ಆ ಕೂಸಿಗೀಗ ತಲೆಗೂದಲು ಉದುರುತ್ತಿದೆ.

ಹೆಸರು ಹಾಕುವಾಗ ಕಂಪನಿಯವರ ಕಾಗದದಲ್ಲಿ "ಮೇಕೆಯ ದನಿ" ಅಂತ ಒಂದೇ ಸಾಲಿತ್ತು. "ಅತ್ತಿಗೆ ಹೆಸರೇ ಹಾಕಿ. ನಾವೇನು ಬೇರೇನಾ?" ಅಂದಿದ್ದಳು ನಾದಿನಿ. ಅವಳು ನಿಜವಾಗಿಯೂ ಹಾಗೇ ಅಂದುಕೊಂಡಿದ್ದಳು. ಮುಂದೆ ಟೇಲರ್ ಅಂಗಡಿ ಇಟ್ಟಳು, ಅಳತೆ ತಪ್ಪಿದ ಬಟ್ಟೆಗಳನ್ನು ಸರಿಮಾಡುವುದರಲ್ಲಿ ಅವಳನ್ನು ಬಿಟ್ಟರಿಲ್ಲ ಅನ್ನಿಸಿಕೊಂಡಳು. ಅತ್ತಿಗೆ ನಾದಿನಿಯರು ಅಂದರೆ ಎಣ್ಣೆ ಸೀಗೆಕಾಯಿ ಅನ್ನುವವರೆಲ್ಲ ಇವರಿಬ್ಬರನ್ನು ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಹಾಳಾದ್ದು ರೇಡಿಯೋದಿಂದ. ಹನ್ನೊಂದು ವರ್ಷದ ಕೆಳಗೆ ಮೇಕೆಯಮ್ಮನನ್ನು ಒಂದು ನೇರ ಸಂದರ್ಶನಕ್ಕೆ ಕರೆದರು. ನಾದಿನಿ ಅಂಗಡಿಯಲ್ಲಿ ಗಿರಾಕಿಗಳನ್ನೆಲ್ಲ ಕೂರಿಸಿ, "ಕೇಳ್ತಾ ಇರಿ, ಈಗ ನನ್ನ ವಿಷಯ ಬರುತ್ತೆ" ಅಂತ ರೇಡಿಯೋ ಜೋರು ಮಾಡಿದಳು. ಸಂದರ್ಶನದ ಹುಡುಗಿ ಹಳೆಯ ನಗುವಿನ ತುಣುಕು ಹಾಕಿ, "ಅಮ್ಮ, ನಿಮ್ಮ ಈ ನಗು ಇಲ್ಲದೆ ನಮ್ಮ ಬಾಲ್ಯವೇ ಇಲ್ಲ!" ಅಂದಳು. ಮೇಕೆಯಮ್ಮ ಆಗ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. "ಅಯ್ಯೋ, ಅದೇನು ಮಹಾ ಬಿಡಿ" ಅಂದುಬಿಟ್ಟರು. ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದವನು ಯಾವತ್ತೂ ರೇಡಿಯೋಗೆ ಹೋಗಿರಲಿಕ್ಕಿಲ್ಲ.

ಮಾರನೇ ದಿನ ನಾದಿನಿಯ ಅಂಗಡಿಯಿಂದ ಒಂದು ಪೊಟ್ಟಣ ಬಂತು. ಮೇಕೆಯಮ್ಮನ ಕೋಟು. ಸೊಂಟದಲ್ಲಿ ಬಿಗಿ ಮಾಡಲು ಕೊಟ್ಟಿದ್ದು, ಎಲ್ಲ ಹೊಲಿಗೆಯನ್ನೂ ಬಿಚ್ಚಿ, ಮುಂಭಾಗ, ಹಿಂಭಾಗ, ತೋಳು, ಕಾಲರ್ ಅಂತ ನೀಟಾಗಿ ಮಡಚಿ ಕಳಿಸಿದ್ದಳು. ಜೊತೆಗೆ ಒಂದು ಚೀಟಿಯೂ ಇರಲಿಲ್ಲ. ಅಲ್ಲಿಗೆ ಮಾತು ನಿಂತಿತು.

ಅಣ್ಣನಾದವನ ಗತಿ ಕೇಳಬೇಡಿ, ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ತಂಗಿಯನ್ನು ನೋಡಲು ನೆಪ ಬೇಕಲ್ಲ, ಪ್ರತಿ ಭಾನುವಾರ ಒಂದು ಪ್ಯಾಂಟು ಹಿಡಿದುಕೊಂಡು ಹೊರಡುತ್ತಿದ್ದರು. ಒಂದು ವಾರ ಉದ್ದ ಕಡಿಮೆ ಮಾಡಿಸುವುದು, ಇನ್ನೊಂದು ವಾರ ಜಾಸ್ತಿ ಮಾಡಿಸುವುದು. ಹನ್ನೊಂದು ವರ್ಷದಲ್ಲಿ ಆ ಮನುಷ್ಯನ ಪ್ಯಾಂಟಿನ ಅಂಚು ಪಾದದಿಂದ ಮೊಣಕಾಲಿನವರೆಗೆ ಪ್ರವಾಸ ಮಾಡಿ ಬಂದಿದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಪ್ಯಾಂಟಿನ ಬಟ್ಟೆ ಮಾತ್ರ ಸವೆಯಿತು.

ಮೂರು ವರ್ಷದ ಕೆಳಗೆ ಅಂಚೆಮೇಕೆಯ ಮೊದಲನೇ ಸಿನಿಮಾ ಬಂದಿತ್ತು. ಕಾರ್ಟೂನಲ್ಲ, ನಿಜವಾದ ಬೀದಿ, ನಿಜವಾದ ಜನ, ನಡುವೆ ಕಂಪ್ಯೂಟರಿನಲ್ಲಿ ಮಾಡಿದ ಮೇಕೆ. ಗಡ್ಡದ ಒಂದೊಂದು ಕೂದಲೂ ಗಾಳಿಗೆ ಬೇರೆ ಬೇರೆಯಾಗಿ ಅಲ್ಲಾಡುತ್ತಿತ್ತು. ಮೇಕೆಯಮ್ಮ ಗಂಡನ ಜೊತೆ ಹೋಗಿ ನೋಡಿದ್ದರು. ಥಿಯೇಟರ್ ತುಂಬ ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ ಅಮ್ಮಂದಿರು. ಮಕ್ಕಳಿಗೋಸ್ಕರ ಬಂದಿದ್ದೇವೆ ಅನ್ನುವುದು ಬರೀ ಬೊಗಳೆ. ಮಕ್ಕಳು ತಿಂಡಿ ಪೊಟ್ಟಣದಲ್ಲಿ ಮುಳುಗಿದ್ದವು, ಕುರ್ಚಿಯ ತುದಿಗೆ ಬಂದು ಕೂತವರು ದೊಡ್ಡವರು. ಪರದೆಯ ಮೇಲೆ ಟೋಪಿ ಕಂಡಾಗ ಚಪ್ಪಾಳೆಯೋ ಚಪ್ಪಾಳೆ. ಮೇಕೆ ಬಾಯಿ ತೆರೆಯಿತು. ಯಾವನೋ ಹೆಸರಾಂತ ನಟನ ದಪ್ಪ ದನಿ! ಮುಂದಿನ ಸಾಲಿನ ಬೊಕ್ಕತಲೆಯವನೊಬ್ಬ, "ಥತ್, ಇದು ನಮ್ಮ ಮೇಕೆ ಅಲ್ಲ" ಅಂದ. ಅದನ್ನು ಕೇಳಿ ಮೇಕೆಯಮ್ಮನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಅವತ್ತಿನಿಂದ ಈ ಫೋನಿಗೆ ಕಾದಿದ್ದರು.

ಸೋಮವಾರ ಸ್ಟುಡಿಯೋಗೆ ಹೋದರು. ಹಿಂದಿನ ಕಾಲದಲ್ಲಿ ಒಂದೇ ಮೈಕಿನ ಸುತ್ತ ಎಂಟು ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತ ನಿಲ್ಲುತ್ತಿದ್ದರು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಈಗ ಹಾಗಿಲ್ಲ. ಗೋಡೆಗೆಲ್ಲ ಹಾಸಿಗೆ ಹೊದಿಸಿದಂಥ ಪುಟ್ಟ ಕೋಣೆ, ಒಂದು ಮೈಕು, ಒಂದು ಪರದೆ, ಒಬ್ಬರೇ ಒಬ್ಬರು. ಗಾಜಿನ ಆ ಕಡೆ ನಿರ್ದೇಶಕ, ಅವನ ಪಕ್ಕ ರೆಕಾರ್ಡಿಂಗ್ ನೋಡಿಕೊಳ್ಳುವ ಹುಡುಗಿ.

ಪರದೆಯ ಮೇಲೆ ಮೇಕೆ ಬಂತು. ಈ ಸಲ ಅದಕ್ಕೆ ವಯಸ್ಸಾಗಿದೆ, ಗಡ್ಡ ನರೆತಿದೆ. ಊರಿನಲ್ಲಿ ಯಾರೂ ಕಾಗದ ಬರೆಯುವುದಿಲ್ಲ, ಅಂಚೆ ಕಚೇರಿ ಮುಚ್ಚುತ್ತಾರೆ, ಮೇಕೆಗೆ ತಿನ್ನಲಿಕ್ಕೆ ಒಂದು ಲಕೋಟೆಯೂ ಇಲ್ಲ. ಮೇಕೆಯಮ್ಮ ಉಸಿರೆಳೆದುಕೊಂಡು, "ಟಪಾಲ್! ಅಯ್ಯೋ, ಚೀಲ ಖಾಲಿ. ನನ್ನ ಹೊಟ್ಟೆಯೂ ಖಾಲಿ" ಅಂದರು.

ಗಾಜಿನ ಆ ಕಡೆ ನಿರ್ದೇಶಕ ಎದ್ದೇ ನಿಂತ. "ಅಮ್ಮ," ಅಂದ. "ನಾನು ಸ್ಕೂಲಿಂದ ಬಂದು ಬೂಟು ಕೂಡ ಬಿಚ್ಚದೆ ಟೀವಿ ಮುಂದೆ ಕೂರ್ತಿದ್ದೆ. ನಮ್ಮಮ್ಮ ಬೈತಾ ಬೈತಾ ನನ್ನ ಬೂಟು ಬಿಚ್ತಿದ್ರು. ಈಗ ನಿಮ್ಮ ದನಿ ಕೇಳಿದ ತಕ್ಷಣ ಕಾಲಿಗೆ ಅವರ ಕೈ ತಾಗಿದ ಹಾಗಾಯ್ತು, ನೋಡಿ." ರೆಕಾರ್ಡಿಂಗ್ ಹುಡುಗಿ ಮೂಗೊರೆಸಿಕೊಂಡು, "ಸರ್, ಮೈಕ್ ಆನ್ ಇದೆ, ಇದೂ ರೆಕಾರ್ಡ್ ಆಗ್ತಿದೆ" ಅಂದಳು.

"ಈಗ ನಗು," ಅಂದ ನಿರ್ದೇಶಕ.

ಮೇಕೆಯಮ್ಮ ನಕ್ಕರು. ತುಕ್ಕು ಹಿಡಿದ ಬಾಗಿಲು ತೆಗೆದ ಹಾಗಾಯಿತು. ಮತ್ತೆ ನಕ್ಕರು. ಈ ಸಲ ಬಾಗಿಲು ಹಾಕಿದ ಹಾಗಾಯಿತು. ಬಿಸಿನೀರು ಕುಡಿದರು, ಜೇನು ಚಪ್ಪರಿಸಿದರು, ಹನ್ನೆರಡು ಸಲ ನಕ್ಕರು. ಹುಡುಗಿ ಪರದೆಯ ಮೇಲೆ ಕಣ್ಣಿಟ್ಟು ಕೂತಳು, ಅವರ ಮುಖ ನೋಡಲಿಲ್ಲ.

ನಿರ್ದೇಶಕ ಒಳ್ಳೆಯವನು. ಒಳಗೆ ಬಂದು ಪಕ್ಕದಲ್ಲಿ ಕೂತ. "ತಲೆ ಕೆಡಿಸ್ಕೋಬೇಡಿ ಅಮ್ಮ. ವಯಸ್ಸಾದ ಮೇಲೆ ನಗು ಬದಲಾಗುತ್ತೆ, ಸಹಜ. ಹಳೇ ಟೇಪಿನಿಂದ ನಿಮ್ಮದೇ ನಗು ಎತ್ತಿ ಇಲ್ಲಿಗೆ ಅಂಟಿಸಿಬಿಡ್ತೀವಿ. ಯಾರಿಗೂ ಗೊತ್ತಾಗಲ್ಲ. ಅದು ನಿಮ್ಮ ದನಿಯೇ ಅಂತ ಇಲ್ಲೊಂದು ಸಹಿ ಹಾಕಿ, ಸಾಕು." ಕಾಗದವನ್ನೂ ಪೆನ್ನನ್ನೂ ಮುಂದಿಟ್ಟ.

ಮೇಕೆಯಮ್ಮ ಕಾಗದ ಓದಿದರು. ಮಾತು, ನಗು, ಕೆಮ್ಮು, ಸೀನು, ಎಲ್ಲವೂ ನನ್ನದೇ ಅಂತ ಬರೆದಿತ್ತು. ಒಂದು ಸಹಿ. ನಾದಿನಿಯ ಅಂಗಡಿ ಮೆಟ್ಟಿಲು ಹತ್ತುವ ಅಗತ್ಯವಿಲ್ಲ, ಯಾರ ಕಾಲೂ ಹಿಡಿಯಬೇಕಾಗಿಲ್ಲ. ಮೇಕೆ ಮತ್ತೆ ಅವರದಾಗುತ್ತದೆ. ನಿಜ ಹೇಳಬೇಕೆಂದರೆ ಪೆನ್ನು ಕೈಗೆ ತೆಗೆದುಕೊಂಡಿದ್ದರು, ಮುಚ್ಚಳವನ್ನೂ ತೆಗೆದಿದ್ದರು. ಆದರೆ ರೇಡಿಯೋದಲ್ಲಿ ಆಗಿದ್ದು ಬಾಯಿತಪ್ಪು ಅಂತ ಹನ್ನೊಂದು ವರ್ಷ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಇದಕ್ಕೆ ಏನಂತ ಹೇಳಿಕೊಳ್ಳುವುದು? ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

"ಈ ನಗು ನನ್ನದಲ್ಲಪ್ಪ," ಅಂದರು. ಪೆನ್ನಿಗೆ ಮುಚ್ಚಳ ಹಾಕಿಟ್ಟರು. "ಯಾವತ್ತೂ ನನ್ನದಾಗಿರಲಿಲ್ಲ. ನನ್ನ ನಾದಿನಿಯದು."

ನಿರ್ದೇಶಕ ಬಿಟ್ಟ ಬಾಯಿ ಮುಚ್ಚಲಿಲ್ಲ. ಬೂಟು ಬಿಚ್ಚದೆ ಕೂತ ಹುಡುಗನಿಗೆ ಮೇಕೆಯೊಳಗೆ ಇಬ್ಬರಿದ್ದರು ಅಂತ ಈಗ ತಿಳಿದರೆ ಹೇಗಾಗಬೇಡ! ಸ್ವಲ್ಪ ಹೊತ್ತಿಗೆ ಅವನ ಕಣ್ಣು ಮಿನುಗಿತು. "ಅವರು ಇದ್ದಾರಾ? ಚೆನ್ನಾಗಿದ್ದಾರಾ? ಹಾಗಿದ್ರೆ ಟೇಪ್ ಯಾಕೆ, ಅವರನ್ನೇ ಕರ್ಕೊಂಡು ಬನ್ನಿ! ಗುರುವಾರದ ತನಕ ಟೈಮಿದೆ. ಆಮೇಲೆ ಮೇಲಿನವರು ಆ ಹೀರೋಗೇ ಫೋನ್ ಮಾಡಿಬಿಡ್ತಾರೆ."

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದರು. "ನೀವು ಒಂದು ಮಾತು ಹೇಳಿ ನೋಡಿ ಅವಳಿಗೆ" ಅಂದರು. ಗಂಡ ಭೂತಗನ್ನಡಿ ತೆಗೆದರು. "ಇಷ್ಟು ವರ್ಷ ಅಡ್ಡಗೋಡೆ ಮೇಲೆ ದೀಪ ಇಟ್ಟಿದ್ದು ಸಾಕಾಯ್ತು ಮಾರಾಯ್ತಿ. ಇದು ನೀನೇ ಹೋಗ್ಬೇಕಾದ ಜಾಗ. ಬೇಕಾದ್ರೆ ಒಂದು ಪ್ಯಾಂಟ್ ಕೊಡ್ತೀನಿ, ಹಿಡ್ಕೊಂಡು ಹೋಗು."

ಪ್ಯಾಂಟು ಬೇಡ ಅಂತ ಮಾರನೇ ದಿನ ಮಧ್ಯಾಹ್ನ ಬರಿಗೈಯಲ್ಲೇ ಹೋದರು. ನಾದಿನಿಯ ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಉದ್ದ ಕನ್ನಡಿ, ಕಾಯುವವರಿಗೆ ಒಂದು ಬೆಂಚು. ಬೆಂಚಿನ ಮೇಲೆ ಒಬ್ಬ ಬಸ್ ಡ್ರೈವರು, ಒಬ್ಬಳು ನರ್ಸು, ಮೊಮ್ಮಗಳ ಫ್ರಾಕು ಹಿಡಿದ ಒಬ್ಬ ಅಜ್ಜಿ. ನಾದಿನಿ ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡು ನರ್ಸಿನ ಸಮವಸ್ತ್ರದ ತೋಳು ಅಳೆಯುತ್ತಿದ್ದಳು. ಐವತ್ತೆರಡಾಗಿದೆ, ಕೂದಲು ಅರ್ಧ ಬೆಳ್ಳಗಾಗಿದೆ. ಅತ್ತಿಗೆಯನ್ನು ಕಂಡಳು. ಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ಏನು ಹೊಲಿಸಬೇಕಿತ್ತು?"

"ಹೊಲಿಸೋಕೆ ಬಂದಿಲ್ಲ ಕಣೇ."

"ಹಾಗಾದ್ರೂ ಸಾಲಿನಲ್ಲೇ ಕೂತ್ಕೋಬೇಕು. ನಾಲ್ಕನೇ ನಂಬರು."

ಮೇಕೆಯಮ್ಮ ಕೂತರು. ಅಂಥ ಬಾಯಿಬಡುಕಿ ಮುಕ್ಕಾಲು ಗಂಟೆ ಮಿಕ ಮಿಕ ನೋಡುತ್ತ ಕೂತಿದ್ದರೆಂದರೆ ಗಂಡ ನಂಬಿರಲಿಕ್ಕಿಲ್ಲ. ಅವರ ಸರದಿ ಬಂತು. ಉಳಿದ ಮೂವರು ಬಟ್ಟೆ ಮುಗಿಯಲಿ ಅಂತ ಅಲ್ಲೇ ಇದ್ದರು. ಮೇಕೆಯಮ್ಮ ಮೆಲ್ಲಗೆ, "ಒಳಗೆ ಹೋಗಿ ಮಾತಾಡೋಣವಾ?" ಅಂದರು.

"ಯಾಕೆ ಒಳಗೆ? ಅವತ್ತು ಇದೇ ಬೆಂಚಿನ ಮೇಲೆ ಒಂಬತ್ತು ಜನ ಇದ್ರು. ನನ್ನ ವಿಷಯ ಬರುತ್ತೆ ಅಂತ ಕೂರಿಸಿದ್ದೆ. ರೇಡಿಯೋ ಮುಗಿದ ಮೇಲೆ ಅವರು ನನ್ನ ಮುಖ ನೋಡಿದ ರೀತಿ ಇದೆಯಲ್ಲ ಅತ್ತಿಗೆ..." ನಾದಿನಿ ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡಳು. "ಹೇಳೋದಿದ್ರೆ ಇಲ್ಲೇ ಹೇಳಿ."

ಸೂಜಿ ಬಿದ್ದರೂ ಕೇಳುವಷ್ಟು ಮೌನ, ಮತ್ತು ಅಲ್ಲಿ ಸೂಜಿಗೇನೂ ಕೊರತೆ ಇರಲಿಲ್ಲ. ಮೇಕೆಯಮ್ಮ ಎದ್ದು ನಿಂತರು. ಬೆಂಚಿನ ಕಡೆ ತಿರುಗಿದರು.

"ಅಂಚೆಮೇಕೆ ಕಾರ್ಟೂನು ನೋಡಿದ್ದೀರಾ? ಅದರ ಮಾತು ನನ್ನದು. ನಗು ಇವಳದು. ರೇಡಿಯೋದವರು ನಗೂನೂ ನಿಮ್ಮದೇ ಅಂತ ಹೊಗಳಿದಾಗ ನಾನು ಸುಮ್ಮನಿದ್ದೆ. ಹಿತವಾಗಿತ್ತು, ಅದಕ್ಕೇ ಸುಮ್ಮನಿದ್ದೆ. ಗೊತ್ತಿದ್ದೇ ಮಾಡಿದ್ದು. ಕದ್ದ ಹಾಗೇ ಲೆಕ್ಕ." ನಾದಿನಿಯ ಕಡೆ ನೋಡಿದರು. "ನೀನಿಲ್ಲದೆ ಮನೆ ಬಿಕೋ ಅನ್ನುತ್ತೆ ಕಣೇ. ಮೇಕೆ ಹಾಳಾಗಲಿ, ನೀನು ಮನೆಗೆ ಬಾ."

ನಾದಿನಿ ಏನಾದರೂ ಹೇಳುವ ಮುಂಚೆ ಬಸ್ ಡ್ರೈವರು ಎದ್ದ. ಆರಡಿ ಆಳು, ಮೀಸೆ ಹುರಿ ಮಾಡಿದವನು. "ಅಂಚೆಮೇಕೆ ನೀವಾ?" ಅಂತ ಮೇಕೆಯಮ್ಮನನ್ನು ನೋಡಿದ. ಆಮೇಲೆ ನಾದಿನಿಯ ಕಡೆ ತಿರುಗಿ, "ನಗೋದು ನೀವಾ? ಆರು ವರ್ಷದಿಂದ ನಿಮ್ಮತ್ರ ಪ್ಯಾಂಟ್ ಹೊಲಿಸ್ತಿದ್ದೀನಿ, ಒಂದು ಮಾತು ಹೇಳಬಾರದಿತ್ತಾ! ನನ್ನ ಬಸ್ಸಿನ ಹಾರ್ನೇ ಅದು!" ಅಂದ. ಅನುಮಾನ ಬೇಡ ಅಂತ "ಈಂಯ್! ಹೆಹೆಹೆಹೆ" ಅಂತ ನಕ್ಕು ತೋರಿಸಿದ. ನರ್ಸು ಕೂಡ ದನಿಗೂಡಿಸಿದಳು. ಅಜ್ಜಿಗೆ ಏನೂ ಅರ್ಥವಾಗಲಿಲ್ಲ, ಆದರೂ ಚಪ್ಪಾಳೆ ತಟ್ಟಿದರು.

ನಾದಿನಿಯ ಗಂಟುಮುಖದ ಒಂದು ಗಂಟು ಸಡಿಲವಾಯಿತು. ಎಲ್ಲ ಅಲ್ಲ, ಒಂದೇ. "ಗುರುವಾರ ಎಷ್ಟು ಗಂಟೆಗೆ?" ಅಂದಳು. "ಅಣ್ಣ ಬೆಳಿಗ್ಗೆನೇ ಬಂದು ಎಲ್ಲ ಹೇಳಿದ್ದಾನೆ. ಮೇಕೆಗೋಸ್ಕರ ಬರ್ತೀನಿ. ನಿಮಗೋಸ್ಕರ ಅಂದ್ಕೋಬೇಡಿ."

ಬಂದಳು, ಮಾತಿಗೆ ತಪ್ಪಲಿಲ್ಲ. ಕಷ್ಟ ಶುರುವಾಗಿದ್ದು ಆಮೇಲೆ. ಹಾಸಿಗೆ ಗೋಡೆಯ ಕೋಣೆಯಲ್ಲಿ ಒಬ್ಬಳೇ ಮೈಕಿನ ಮುಂದೆ ನಿಂತಳು. ಪರದೆಯ ಮೇಲೆ ಮೇಕೆ ಹಲ್ಲು ಕಿರಿಯಿತು. ನಾದಿನಿ "ಹೆ. ಹೆ. ಹೆ. ಹೆ" ಅಂದಳು, ಮಗ್ಗಿ ಒಪ್ಪಿಸಿದ ಹಾಗೆ. ಎಂಟು ಸಲ ಮಾಡಿಸಿದರು. ಒಂಬತ್ತನೇ ಸಲ ಅವಳ ಕಣ್ಣಲ್ಲಿ ನೀರಾಡಿತು. "ಆಗಲ್ಲ ಸರ್. ನಕ್ಕು ಅಭ್ಯಾಸ ತಪ್ಪಿಹೋಗಿದೆ."

ಗಾಜಿನ ಈ ಕಡೆ ಮೇಕೆಯಮ್ಮ ಚಡಪಡಿಸುತ್ತಿದ್ದರು. "ನನ್ನನ್ನ ಒಳಗೆ ಬಿಡಿ," ಅಂದರು.

"ಒಂದು ಟ್ರ್ಯಾಕಿಗೆ ಒಬ್ಬರೇ ಅಮ್ಮ," ಅಂದಳು ಹುಡುಗಿ. "ಬಟ್ಟೆ ಸದ್ದೆಲ್ಲ ಸೇರ್ಕೊಳ್ಳುತ್ತೆ."

"ನಿನ್ನ ಟ್ರ್ಯಾಕು ಹಾಳಾಗ್ಲಿ! ನಾವು ಯಾವತ್ತಾದ್ರೂ ಬೇರೆ ಬೇರೆ ನಿಂತು ಮಾಡಿದ್ದಿದ್ರೆ ತಾನೆ!"

ನಿರ್ದೇಶಕ ತಲೆಯಾಡಿಸಿದ. ಮೇಕೆಯಮ್ಮ ಒಳಗೆ ಹೋಗಿ ನಾದಿನಿಯ ಎಡಕ್ಕೆ ನಿಂತರು, ಯಾವಾಗಲೂ ನಿಲ್ಲುತ್ತಿದ್ದ ಕಡೆ. ಇಬ್ಬರಿಗೂ ಒಂದೇ ಮೈಕು. ಮೇಕೆ ಬಂತು. "ಟಪಾಲ್! ನಿಮ್ಮ ಕಾಗದ ಬಹಳ ರುಚಿಯಾಗಿತ್ತು!" ಅಂದರು ಮೇಕೆಯಮ್ಮ, ಅಂದವರೇ ನಾದಿನಿಯ ತೋಳನ್ನು ಬಲವಾಗಿ ಚಿವುಟಿದರು.

"ಈಂಯ್!"

ನಿರ್ದೇಶಕ ಕುರ್ಚಿಯಿಂದ ಹಾರಿದ. ಮೂವತ್ತಮೂರು ವರ್ಷ ಒಂದು ಪೀಳಿಗೆ ಅಣಕಿಸಿಕೊಂಡು ತಿರುಗಿದ ಚೀರು, ಅಲ್ಲಿ, ಹಸಿ ಹಸಿಯಾಗಿ! ಇದನ್ನು ಹೊರಗಿನ ಯಾರಿಗೂ ಹೇಳಿರಲಿಲ್ಲ ಅವರು. ಮೈಕಿನ ಮುಂದೆ ಹಾಳೆ ನೋಡಿಕೊಂಡು ನಿಂತರೆ ನಾದಿನಿಗೆ ನಗು ಬರುತ್ತಿರಲಿಲ್ಲ. ಅದಕ್ಕೇ ನಗುವ ಜಾಗ ಬಂದಾಗ ಅತ್ತಿಗೆ ಚಿವುಟುವುದು, ಅವಳು ಚೀರುವುದು, ತಾನು ಚೀರಿದ್ದಕ್ಕೆ ತಾನೇ ನಗುವುದು. ಹಾಗೆ ನೂರಾನಾಲ್ಕು ಕಂತು, ನೂರಾನಾಲ್ಕು ಚಿವುಟು.

ಆದರೆ ಈ ಸಲ ಚೀರಿದ ಮೇಲೆ ನಗು ಬರಲಿಲ್ಲ. ನಾದಿನಿ ತೋಳು ಉಜ್ಜಿಕೊಂಡು ದುರುಗುಟ್ಟಿ ನೋಡಿದಳು. "ಮೊದಲು ಇಷ್ಟು ಜೋರಾಗಿ ಚಿವುಟ್ತಿರಲಿಲ್ಲ ನೀವು! ಹನ್ನೊಂದು ವರ್ಷದ್ದು ಬಡ್ಡಿ ಸಮೇತ ವಸೂಲಾ? ತಗೊಳ್ಳಿ!" ಅಂತ ಅತ್ತಿಗೆಯ ತೋಳಿಗೆ ತಾನೂ ಒಂದು ಕೊಟ್ಟಳು. ಜೀವಮಾನದಲ್ಲಿ ಮೊದಲನೇ ಸಲ. ಮೇಕೆಯಮ್ಮ ಇನ್ನೂ ಮೇಕೆಯ ದನಿಯಲ್ಲೇ ಇದ್ದರು. "ಮ್ಯಾಂಯೋಓ!" ಅಂತ ಅರಚಿ, ಒಂದು ಕಾಲು ಎತ್ತಿ ಕುಣಿದರು. ಮೊಮ್ಮಕ್ಕಳನ್ನು ಕಂಡ ಅಜ್ಜಿ ಹಾಗೆ ಕುಣಿದದ್ದನ್ನು ನೋಡಿ ನಾದಿನಿಯ ಬಾಯಿ ಒಂದು ಸಲ ಕೊಂಕಿತು, ಕೆನ್ನೆ ಉಬ್ಬಿತು, ಆಮೇಲೆ ಕಟ್ಟೆಯೊಡೆಯಿತು. ಹೊಟ್ಟೆ ಹಿಡಿದುಕೊಂಡು, ಮೈಕಿನ ಕಂಬ ಹಿಡಿದುಕೊಂಡು, ಕೊನೆಗೆ ಅತ್ತಿಗೆಯನ್ನೇ ಹಿಡಿದುಕೊಂಡು ನಕ್ಕಳು. ಹಳೆಯ ನಗುವೇ, ಸ್ವಲ್ಪ ದಪ್ಪಗಾಗಿದೆ ಅಷ್ಟೆ. ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಗುಂಡಿಗಳನ್ನು ಮೊಣಕೈಯಲ್ಲೇ ಒತ್ತಿದಳು.

ಒಂದೇ ಮಧ್ಯಾಹ್ನ ಹದಿನಾಲ್ಕು ನಗು ಮುಗಿಯಿತು. ಇಬ್ಬರ ತೋಳೂ ಕೆಂಪು. ನಿರ್ದೇಶಕ ಕೊನೆಯ ಹಾಳೆ ತಿರುವಿದ. "ಇನ್ನೊಂದು ಉಳಿದಿದೆ. ಹಳೇ ಕಾರ್ಟೂನಿನಲ್ಲಿ ಇಲ್ಲದ್ದು. ಈ ಸಿನಿಮಾದ ಕೊನೇಲಿ ಮೇಕೆಗೇ ಒಂದು ಕಾಗದ ಬರುತ್ತೆ. ಮೇಕೆ ಅದನ್ನ ತಿನ್ನಲ್ಲ, ಓದುತ್ತೆ. ಓದಿ ಅಳುತ್ತೆ. ಅಳು ಯಾರು ಮಾಡ್ತೀರಿ?"

ಇಬ್ಬರೂ ಪರದೆ ನೋಡಿದರು. ಮುಚ್ಚಿದ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ನರೆಗಡ್ಡದ ಮೇಕೆ ಒಂದು ಕಾಗದ ಹಿಡಿದು ಕೂತಿತ್ತು. ಕಾಗದ ಯಾರದು, ಅದರಲ್ಲಿ ಏನಿದೆ ಅಂತ ಕಾಣಿಸುತ್ತಿರಲಿಲ್ಲ. ಯಾರಿಗೋ ಬೇರೆಯವರಿಗೆ ಬಂದದ್ದನ್ನೆಲ್ಲ ತಿಂದು ತೇಗಿದ ಪ್ರಾಣಿ, ತನ್ನ ಹೆಸರಿಗೆ ಬಂದದ್ದನ್ನು ಗಟ್ಟಿಯಾಗಿ ಹಿಡಿದುಕೊಳ್ಳಲೂ ಹೆದರುತ್ತಿತ್ತು.

"ಅತ್ತಿಗೆ," ಅಂದಳು ನಾದಿನಿ ಮೆಲ್ಲಗೆ, "ಆ ಕೋಟು ಬಿಚ್ಚಿದ ರಾತ್ರಿ ನಾನು..."

"ನಂಗೊತ್ತು," ಅಂದರು ಮೇಕೆಯಮ್ಮ. "ನಾನೂ ಅಷ್ಟೇ ಕಣೇ."

ಯಾರು ಮೊದಲು ಶುರುಮಾಡಿದರೋ ತಿಳಿಯದು. ಚಿವುಟುವ ಅಗತ್ಯ ಬೀಳಲಿಲ್ಲ. ನಿರ್ದೇಶಕ "ಆಕ್ಷನ್" ಅನ್ನುವುದನ್ನೇ ಮರೆತ, ಹುಡುಗಿ ಯಾವಾಗಲೋ ಗುಂಡಿ ಒತ್ತಿದ್ದಳು. ಪರದೆಯ ಮೇಲೆ ಮೇಕೆ ಅತ್ತು ಮುಗಿಸಿ, ಮೂಗೊರೆಸಿಕೊಂಡು, ಟೋಪಿ ಹಾಕಿಕೊಂಡು ಎದ್ದು ಹೋದರೂ ಇವರದು ಇನ್ನೂ ನಡೆದಿತ್ತು.

ಕೊನೆಗೆ ಮೂಗು ಸುರಿಸುತ್ತ ಹೊರಗೆ ಬಂದರು. ಹುಡುಗಿ ಪಟ್ಟಿ ತುಂಬುತ್ತಿದ್ದಳು. ಮಾತು ಅನ್ನುವ ಕಡೆ ಅತ್ತಿಗೆಯ ಹೆಸರು, ನಗು ಅನ್ನುವ ಕಡೆ ನಾದಿನಿಯ ಹೆಸರು ಬರೆದಿದ್ದಳು. ಅಳು ಅನ್ನುವ ಕಡೆ ಪೆನ್ನು ನಿಂತಿತು.

"ಎರಡು ದನಿ ಬೇರೆ ಮಾಡೋಕೆ ಆಗ್ತಿಲ್ಲ, ಮತ್ತೆ ಇಲ್ಲಿರೋದು ಒಂದೇ ಸಾಲು," ಅಂದಳು. "ಇದು ಯಾರದ್ದು ಅಂತ ಹಾಕ್ಲಿ?"

"ಅವಳದು," ಅಂದರು ಮೇಕೆಯಮ್ಮ.

"ಅತ್ತಿಗೇದು," ಅಂದಳು ನಾದಿನಿ, ಅದೇ ಉಸಿರಿನಲ್ಲಿ.

"ಸುಮ್ನಿರೇ, ನಾನು ಬರೀ ಜೊತೆಗೆ ನಿಂತಿದ್ದೆ. ಅತ್ತಿದ್ದೆಲ್ಲ ನೀನೇ."

"ಏನು ಸುಳ್ಳು ಹೇಳ್ತೀರಿ ಅತ್ತಿಗೆ! ನಿಮ್ಮ ಸೆರಗು ಹಿಂಡಿದ್ರೆ ಒಂದು ಲೋಟ ನೀರು ಬರುತ್ತೆ."

"ಅದು ನಿನ್ನ ಕಣ್ಣೀರು ಕಣೇ, ನನ್ನ ಸೆರಗಲ್ಲಿ ಒರೆಸ್ಕೊಂಡಿದ್ದು! ನಿಂದೇ ಅಂತ ಬರಿಯಮ್ಮ ನೀನು."

"ಬರೆದ್ರೆ ನೋಡು ಮತ್ತೆ!" ಅಂತ ನಾದಿನಿ ಹುಡುಗಿಯನ್ನು ಗದರಿದಳು.

ಹುಡುಗಿ ನಿರ್ದೇಶಕನ ಮುಖ ನೋಡಿದಳು. ನಿರ್ದೇಶಕ ಅವಳ ಕೈಯಿಂದ ಪೆನ್ನು ತೆಗೆದುಕೊಂಡು, ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡು, ಇಬ್ಬರಿಗೂ ಕುರ್ಚಿ ಎಳೆದು ಕೊಟ್ಟ.